ಡ್ರಿಲ್ ಮೇಷ್ಟ್ರು ಒಟಿಪಿ ಕೊಡಲಿಲ್ಲ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗಿನ್ನೂ ಗೊತ್ತಾಗಿಲ್ಲ. ಫೋನ್ ರಿಂಗಾಗುವಲ್ಲಿಂದ ಹೊರಟರೆ ಸುಲಭ. ಆದರೆ ಫೋನ್ ರಿಂಗಾಗಿ ಶುರುವಾಗುವ ಕಥೆಗಳನ್ನು ನೀವು ಬೇಕಾದಷ್ಟು ಓದಿದ್ದೀರಿ. ಅವುಗಳಲ್ಲಿ ಎರಡನೇ ಸಾಲಿಗೇ ಯಾರೋ ಸತ್ತಿರುತ್ತಾರೆ. ಇಲ್ಲೂ ಒಬ್ಬರು ಸಾಯುತ್ತಾರೆ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸವಾಯಿತು ಅನ್ನಬೇಡಿ. (ಮೋಸದ ಕಥೆಯಲ್ಲಿ ಓದುಗರಿಗಾದರೂ ಮೋಸ ಆಗಬಾರದು ಎನ್ನುವುದು ನನ್ನದೊಂದು ಸಣ್ಣ ಆಸೆ.)

ಮೊದಲ ಕರಡು ಹೀಗಿತ್ತು: 'ಡ್ರಿಲ್ ಮೇಷ್ಟ್ರು ಸೀಟಿಯನ್ನು ಫೋನಿನ ಹತ್ತಿರ ಹಿಡಿದು, ಕೆನ್ನೆ ಉಬ್ಬಿಸಿ ಊದಿದರು.' ಓದಲು ಚೆನ್ನಾಗಿದೆ. ಸ್ವಲ್ಪ ನಗುವೂ ಬರುತ್ತದೆ. ಆ ಸೀಟಿ ಯಾರ ಕಿವಿಗೆ ಬಿತ್ತು ಎಂದು ಗೊತ್ತಿದ್ದೂ ನಿಮ್ಮನ್ನು ನಗಿಸುವುದು ನ್ಯಾಯವಲ್ಲ ಎಂದು ಹೊಡೆದು ಹಾಕಿದೆ.

ಇದನ್ನು ಬರೆಯುವಾಗ ನಾನೂ ಬ್ಯಾಂಕಿನ ಸಹಾಯವಾಣಿಯ ಲೈನಿನಲ್ಲಿದ್ದೇನೆ. ನನ್ನ ಕಾರ್ಡಿಗೆ ನನ್ನ ಮೇಲೇ ಅನುಮಾನ ಬಂದು ಬ್ಲಾಕ್ ಆಗಿದೆ. ಕಿವಿಯಲ್ಲಿ ಯಾರೋ ಕೊಳಲು ನುಡಿಸುತ್ತಿದ್ದಾರೆ. ನಡುನಡುವೆ ಒಬ್ಬಾಕೆ ನನ್ನ ಕರೆ ಅವರಿಗೆ ಎಷ್ಟು ಮುಖ್ಯ ಎಂದು ಹೇಳಿ ಹೋಗುತ್ತಾಳೆ. ಕಾಯುವವರಿಗೆ ಬೇರೆ ಕೆಲಸವಿಲ್ಲ, ಕಥೆ ಬರೆಯಬಹುದು.

2

ಹಾಗಾದರೆ ಮನುಷ್ಯರಿಂದಲೇ ಶುರು ಮಾಡೋಣ.

ಡ್ರಿಲ್ ಮೇಷ್ಟ್ರು ಅಂದರೆ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಮಾಡಿಸಿ ನಿವೃತ್ತರಾದವರು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ, ಅವರಿಗೂ ಅದೇ ಇಷ್ಟ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮನೆಯಲ್ಲಿ ಅವರು, ಅವರ ಹೆಂಡತಿ, ಮಗಳು. ನಿವೃತ್ತಿಯಾದಾಗ ಬಂದ ದುಡ್ಡೆಲ್ಲ ಮೇಷ್ಟ್ರ ಹೆಸರಿನ ಒಂದೇ ಖಾತೆಯಲ್ಲಿದೆ. ಅದರ ಕಾರ್ಡು ಹೆಂಡತಿಯ ಪರ್ಸಿನಲ್ಲಿರುತ್ತದೆ, ಅದರ ಮೆಸೇಜುಗಳು ಮೇಷ್ಟ್ರ ಫೋನಿಗೆ ಬರುತ್ತವೆ. ಈ ವ್ಯವಸ್ಥೆ ಮಗಳದ್ದು.

ಮಗಳು ಕೆಲಸ ಮಾಡುವುದು ಅದೇ ಬ್ಯಾಂಕಿನಲ್ಲಿ, ಕಾರ್ಡ್ ವಂಚನೆ ತಡೆಯುವ ವಿಭಾಗದಲ್ಲಿ. ತಡೆಯುವುದು ಅಂತ ಹೆಸರು, ಕೆಲಸ ಮಾತ್ರ ಬಹುಪಾಲು ಕೇಳಿಸಿಕೊಳ್ಳುವುದು. ದುಡ್ಡು ಕಳೆದುಕೊಂಡವರು ಮೊದಲು ಅಳುವುದು ಅವಳ ಕಿವಿಯಲ್ಲಿ. ಉದ್ದನೆಯ ಹಾಲು, ಸಾಲು ಕುರ್ಚಿಗಳು, ಕುರ್ಚಿಗೊಂದು ಹೆಡ್‌ಸೆಟ್ಟು. ಒಳಗೆ ಪೆನ್ನು ತರುವಂತಿಲ್ಲ, ಕಾಗದ ತರುವಂತಿಲ್ಲ, ತಮ್ಮ ಫೋನಂತೂ ತರುವಂತೆಯೇ ಇಲ್ಲ. ಗ್ರಾಹಕರ ಕಾರ್ಡ್ ನಂಬರು ಬರೆದುಕೊಂಡುಬಿಟ್ಟರೆ? ಅದಕ್ಕೇ ಎಲ್ಲರ ಫೋನುಗಳೂ ಬಾಗಿಲಾಚೆಯ ಲಾಕರಿನಲ್ಲಿ ಶಿಫ್ಟ್ ಮುಗಿಯುವ ತನಕ ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತವೆ. ಲಾಕರ್ ನೆನಪಿಟ್ಟುಕೊಳ್ಳಿ.

ಮೇಷ್ಟ್ರ ಬಗ್ಗೆ ಇನ್ನೊಂದು ಮಾತು. ಶಾಲೆಗೆ ಬೆಂಕಿ ಬಿದ್ದರೆ ಗಲಾಟೆ ಮಾಡದೆ ಸಾಲಾಗಿ ಮೆಟ್ಟಿಲಿಳಿಯುವುದು ಹೇಗೆ ಎಂದು ಅವರು ವರ್ಷ ವರ್ಷ ಮಕ್ಕಳಿಗೆ ಕಲಿಸಿದರು. ಶಾಲೆಗೆ ಒಮ್ಮೆಯೂ ಬೆಂಕಿ ಬೀಳಲಿಲ್ಲ. ಅದಕ್ಕೆ ಅವರಿಗೆ ಒಳಗೊಳಗೇ ಬೇಸರವಿತ್ತು.

("ಏನ್ ಬರೀತಿದೀರಿ?" ಅಂದರು ಮೇಷ್ಟ್ರು. "ಮಕ್ಕಳಿರೋ ಶಾಲೆಗೆ ಬೆಂಕಿ ಬೀಳ್ಲಿ ಅಂತ ಯಾರಾದ್ರೂ ಕಾಯ್ತಾರೇನ್ರೀ?" ಸರಿ, ಬೇಸರವಿರಲಿಲ್ಲ. ಆದರೆ ಒಂದು ಸಲವಾದರೂ ಡ್ರಿಲ್ ಉಪಯೋಗಕ್ಕೆ ಬರಲಿ ಅನ್ನಿಸಿತ್ತು.)

3

ಒಂದು ಭಾನುವಾರ ಮೇಷ್ಟ್ರು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಯವರು ದುಡ್ಡು ಕೇಳುತ್ತಿದ್ದಾರೆ, ನಿನ್ನ ಫೋನಿಗೆ ಬಂದ ಒಟಿಪಿ ಹೇಳಪ್ಪಾ ಅಂದಳು. ಮೇಷ್ಟ್ರು ಒಂದೊಂದೇ ಅಂಕಿ ಬಿಡಿಸಿ ಓದಿ ಹೇಳಿದರು. ಹೇಳುತ್ತಲೇ ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದರು.

ಬಾಲ್ಕನಿಯ ಬಾಗಿಲು ತೆರೆಯಿತು. ಸ್ನೇಹಿತೆಯೊಬ್ಬಳ ಫೋನು ಕೈಯಲ್ಲಿ ಹಿಡಿದುಕೊಂಡು ಮಗಳು ನಗುತ್ತಾ ಒಳಗೆ ಬಂದಳು.

"ಹೋಯ್ತು ಅಪ್ಪಾ. ದುಡ್ಡೆಲ್ಲ ಹೋಯ್ತು."

ಅಪ್ಪನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು. ಮೇಷ್ಟ್ರು ಒಂದು ಬೂಟಿನಲ್ಲಿ ನಿಂತಿದ್ದರು.

"ನೀನು ಅಳ್ತಿದ್ದೆ," ಅಂದರು.

"ಕಳ್ಳರೂ ಅಳ್ತಾರೆ ಅಪ್ಪಾ. ಈಗ ದನೀನೂ ಕದೀತಾರೆ. ನಂದೇ ದನೀಲಿ, ನನ್ನ ಥರಾನೇ ಅಳ್ತಾರೆ."

"ನಿನ್ನ ದನಿ ನಂಗೆ ಗೊತ್ತಿಲ್ವಾ?"

"ಗೊತ್ತಿತ್ತಲ್ಲ, ಅದಕ್ಕೇ ಕೊಟ್ಟೆ."

ಆ ಮಾತು ಮೇಷ್ಟ್ರಿಗೆ ನಾಟಿತು. ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಮಗಳನ್ನು ಕರೆದು, "ಕಲಿಸು," ಅಂದರು. "ಸರಿಯಾಗಿ ಕಲಿಸು. ಪ್ರಾಕ್ಟೀಸ್ ಮಾಡ್ಸು."

(ಮಗಳು ಇಲ್ಲಿ ಅಡ್ಡ ಬಂದಳು. "ನನ್ನನ್ನ ಕೆಟ್ಟವಳು ಮಾಡ್ಬೇಡಿ. ಅದಕ್ಕಿಂತ ಹಿಂದಿನ ವಾರ ಬಟ್ಟೆ ಹೊಲಿಯೋ ಹೆಂಗಸೊಬ್ರು ಫೋನ್ ಮಾಡಿದ್ರು. ಮಗನ ದನೀಲಿ ಯಾರೋ ಮಾತಾಡಿ ಎಲ್ಲಾ ಬಳ್ಕೊಂಡು ಹೋಗಿದ್ರು. ಅವ್ರು ದುಡ್ಡು ವಾಪಸ್ ಕೇಳ್ಲೇ ಇಲ್ಲ. 'ಅದು ನನ್ನ ಮಗನೇ ಅಲ್ವಾ ಹಾಗಾದ್ರೆ? ಎಷ್ಟು ದಿನ ಆಗಿತ್ತು ಅವನು ಅಮ್ಮಾ ಅಂದು' ಅಂದ್ರು. ಇಂಥದ್ದನ್ನ ದಿನಾ ಕೇಳಿಸ್ಕೊಂಡು ಮನೆಗೆ ಬಂದ್ರೆ ನೀವೇನು ಮಾಡ್ತಿದ್ರಿ?" ನಾನೂ ಅದನ್ನೇ ಮಾಡುತ್ತಿದ್ದೆ. ಅದೇ ಈ ಕಥೆಯ ತೊಂದರೆ. ಇದರಲ್ಲಿ ಬೈಯಲು ಯಾರೂ ಸಿಗುತ್ತಿಲ್ಲ.)

3, ಉಳಿದದ್ದು

ಮಗಳು ಡ್ರಿಲ್ ಹೇಳಿಕೊಟ್ಟಳು. ಬೇರೆ ನಂಬರಿನಿಂದ ಬಂದರೆ ಒಂದು ಬೆರಳು ಮಡಚು. ಅಳುತ್ತಿದ್ದರೆ ಇನ್ನೊಂದು. ಆಸ್ಪತ್ರೆ, ಪೊಲೀಸು ಅಂದರೆ ಇನ್ನೊಂದು. ಬೇಗ ಬೇಗ ಅಂದರೆ ನಾಲ್ಕನೆಯದು.

"ನಾಲ್ಕೂ ಮಡಚಿದ್ರೆ ಅದು ನಾನಲ್ಲ ಅಂತ ತಿಳ್ಕೋ. ಮಧ್ಯದಲ್ಲಿ ಇನ್ಯಾರದೋ ಕೈಗೆ ಫೋನ್ ಕೊಡ್ತಾರೆ, ನಾನು ಡಾಕ್ಟ್ರು ಅಂತಾರೆ, ನರ್ಸ್ ಅಂತಾರೆ. ನಂಬಬೇಡ. ಪದ ಕೇಳು. ಪದ ಬರ್ಲಿಲ್ವಾ, ಕಟ್ ಮಾಡು, ಸಹಾಯವಾಣಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡ್ಸು."

ಪದ ಅಂದರೆ ಮನೆಯ ಗುಟ್ಟಿನ ಪದ. ಮೂವರಿಗೆ ಮಾತ್ರ ಗೊತ್ತು. ಬರೆದಿಡಬಾರದು, ಫೋನಿನಲ್ಲಿ ತಾವಾಗಿ ಹೇಳಬಾರದು, ಮನೆಯಿಂದಾಚೆ ಬಾಯಿ ಬಿಡಬಾರದು. ಆಗಾಗ ಬದಲಾಯಿಸಬೇಕು. ಮೊದಲ ಪದ 'ಕೊಡೆ'. "ಯಾರಾದ್ರೂ ಹಳೇ ಪದ ಹೇಳಿದ್ರೆ ಇನ್ನೂ ಹುಷಾರಾಗಿರು," ಅಂದಳು ಮಗಳು. "ಎಲ್ಲೋ ಸೋರಿದೆ ಅಂತ ಅರ್ಥ."

ಮೇಷ್ಟ್ರು ತಮ್ಮ ಕಡೆಯಿಂದ ಒಂದು ಸೇರಿಸಿದರು. ಹಳೆಯ ಸೀಟಿಯನ್ನು ಹುಡುಕಿ ತಂದು ಫೋನ್ ಚಾರ್ಜರಿನ ಪಕ್ಕ ಮೊಳೆಗೆ ನೇತುಹಾಕಿದರು. ಕಳ್ಳ ಎಂದು ಖಾತ್ರಿಯಾದ ಕೂಡಲೇ ಅವನ ಕಿವಿಗೇ ಊದುವುದು. ಮುಂದಿನ ಪ್ರಾಕ್ಟೀಸುಗಳಲ್ಲಿ ಮಗಳು ಅಳುತ್ತಾ ಫೋನ್ ಮಾಡಿದಾಗಲೆಲ್ಲ ಊದಿದರು. ಅಡುಗೆಮನೆಯಿಂದ ಹೆಂಡತಿ, "ಬಿಡ್ರೀ ಸಾಕು, ಕೆಳಗಿನ ಮನೆಯವ್ರು ಬಂದು ಬಾಗಿಲು ತಟ್ತಾರೆ," ಅನ್ನುತ್ತಿದ್ದರು. ಮನೆಯಲ್ಲಿ ಎಷ್ಟೋ ದಿನದ ಮೇಲೆ ಮೂವರೂ ಸೇರಿ ನಗುತ್ತಿದ್ದರು. ಹೌದು, ನಗುತ್ತಿದ್ದರು. ಅದನ್ನೂ ಬರೆಯಲೇಬೇಕು.

4

(ನಾಲ್ಕನೆಯ ಭಾಗದಲ್ಲಿ ಬ್ಯಾಂಕುಗಳ ಬಗ್ಗೆ ಒಂದು ಭಾಷಣವಿತ್ತು. ಕೊಳಲು ಕೇಳಿ ಕೇಳಿ ತಲೆಕೆಟ್ಟು ಬರೆದದ್ದು. ತೆಗೆದೆ.)

5

ಪದವನ್ನು ಬದಲಾಯಿಸಿದ್ದು ಬುಧವಾರ ಸಂಜೆ. ಮಗಳು ಕೆಲಸದಿಂದ ಬಂದಿರಲಿಲ್ಲ. ಮೇಷ್ಟ್ರ ಹೆಂಡತಿ ಕೆಲಸ ಮಾಡುತ್ತಲೇ ಹೊಸ ಪದವೊಂದನ್ನು ಹೇಳಿದರು. ಮೇಷ್ಟ್ರಿಗೆ ಅದು ಎಷ್ಟು ಹಿಡಿಸಿತೆಂದರೆ ಎರಡು ಸಲ ಹೇಳಿಸಿ ಕೇಳಿದರು. ಮದುವೆಯಾದ ಹೊಸತರಲ್ಲಿ ನಡೆದ ಏನೋ ಒಂದು ಸಂಗತಿ ಆ ಪದದಲ್ಲಿತ್ತು. ಏನು ಪದ ಅಂತೀರಾ? ಹೇಳುವುದಿಲ್ಲ. ನೀವು ಮನೆಯಾಚೆಯವರು, ನಿಯಮ ನಿಯಮವೇ.

ಮಗಳು ಬರುವಷ್ಟರಲ್ಲಿ ಇಬ್ಬರೂ ಮಲಗಿದ್ದರು. ಬೆಳಿಗ್ಗೆ ಇವರು ಏಳುವಷ್ಟರಲ್ಲಿ ಅವಳು ಹೊರಟಿದ್ದಳು.

"ಇವತ್ತು ಮಧ್ಯಾಹ್ನ ಅವಳ ಆಫೀಸ್ ಹತ್ರ ಹೋಗ್ತೀನಲ್ಲ ಚಪ್ಪಲಿ ತಗೊಳೋಕೆ, ಆಗ ಹೇಳ್ತೀನಿ," ಅಂದರು ಹೆಂಡತಿ.

"ಅಂಗಡೀಲಿ ಬೇಡ," ಅಂದರು ಮೇಷ್ಟ್ರು. "ಅಲ್ಲಿ ಜನ ಇರ್ತಾರೆ. ಮನೆಗೆ ಬಂದ ಮೇಲೆ ಹೇಳು."

"ಆಯ್ತು ಮೇಷ್ಟ್ರೇ." ಕೈ ಎತ್ತಿ ಸೆಲ್ಯೂಟ್ ಹೊಡೆದು ಹೊರಟರು. ಅವರ ಫೋನು ಚಾರ್ಜಿಗೆ ಹಾಕಿದ್ದು ಹಾಗೇ ಉಳಿಯಿತು.

6

ಚಪ್ಪಲಿ ಅಂಗಡಿ ಮಗಳ ಆಫೀಸಿನ ಎದುರಿಗೇ ಇತ್ತು. ಊಟದ ಬಿಡುವಿನಲ್ಲಿ ಅವಳು ರಸ್ತೆ ದಾಟಿ ಬಂದಳು. ಲಾಕರ್ ತೆಗೆಸಿ ಫೋನ್ ತರುವುದೆಂದರೆ ರಿಜಿಸ್ಟರಿನಲ್ಲಿ ಸಹಿ, ಸೆಕ್ಯೂರಿಟಿಯವನ ಕ್ಯೂ. ಇಷ್ಟರಲ್ಲಿ ಬಂದುಬಿಡುತ್ತೇನೆ ಎಂದು ಹಾಗೇ ಬಂದಿದ್ದಳು.

"ಪದ ಬದಲಾಗಿದೆ ಕಣೇ," ಅಂದರು ಅಮ್ಮ, ಎಡಗಾಲಿಗೆ ಕಂದು ಬಣ್ಣದ್ದೊಂದನ್ನು ಹಾಕಿ ನೋಡುತ್ತಾ.

"ಏನು?"

"ಇಲ್ಲಿ ಬೇಡ. ಮನೇಲಿ ಹೇಳ್ತೀನಿ."

ಮಗಳಿಗೆ ಖುಷಿಯಾಯಿತು. "ನೀನೂ ಪಾಸ್ ಅಮ್ಮ," ಅಂದಳು.

ಇದಾದ ಸ್ವಲ್ಪ ಹೊತ್ತಿಗೆ ಅಮ್ಮ ಬಲಗಾಲಿನದನ್ನು ಹಾಕಲು ಬಗ್ಗಿದವರು ಏಳಲಿಲ್ಲ.

("ಅಷ್ಟೇನಾ?" ಅಂದರು ಮೇಷ್ಟ್ರ ಹೆಂಡತಿ ನನಗೆ. "ಅಪ್ಪಂಗೂ ಮಗಳಿಗೂ ಪುಟಗಟ್ಟಲೆ. ನಂಗೆ ಒಂದು ಸೆಲ್ಯೂಟು, ಒಂದು ಚಪ್ಪಲಿ. ಅದಾದ್ರೂ ಕೊಂಡ್ಕೊಂಡ್ನೋ ಇಲ್ವೋ ಹೇಳಿ." ನಾನು ಉತ್ತರಿಸಲಿಲ್ಲ. ಬೇಗ ಕೊಲ್ಲಬೇಕಾದ ಪಾತ್ರದ ಜೊತೆ ಹೆಚ್ಚು ಮಾತಾಡಿದರೆ ಕೈ ಬರುವುದಿಲ್ಲ. ನನ್ನದು ಹೇಡಿತನ, ಒಪ್ಪಿಕೊಳ್ಳುತ್ತೇನೆ.)

ಅಂಗಡಿಯವನೂ ಮಗಳೂ ಸೇರಿ ಎತ್ತಿ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಬಂದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ತಕ್ಷಣ ಒಳಗೆ ಕರೆದುಕೊಂಡು ಹೋಗಬೇಕು ಅಂದರು ಡಾಕ್ಟರು. ಅಡ್ವಾನ್ಸ್ ಕಟ್ಟಿದ ರಸೀದಿ ಬಂದ ಕೂಡಲೇ ಅಂದಳು ಕೌಂಟರಿನವಳು. ಮಗಳ ಖಾತೆಯಲ್ಲಿ ತಿಂಗಳ ಕೊನೆಯಲ್ಲಿ ಉಳಿಯುವಷ್ಟು ಮಾತ್ರ ಇತ್ತು. ಅಮ್ಮನ ಪರ್ಸಿನಿಂದ ಕಾರ್ಡ್ ತೆಗೆದು ಕೊಟ್ಟಳು. ದಿನಸಿ, ಔಷಧಿ ಬಿಟ್ಟು ಬೇರೆ ಏನೂ ಕಾಣದ ಕಾರ್ಡಿನಲ್ಲಿ ಇಷ್ಟು ದೊಡ್ಡ ಮೊತ್ತ ನೋಡಿ ಬ್ಯಾಂಕಿನ ಯಂತ್ರಕ್ಕೆ ಅನುಮಾನ ಬಂತು. ಖಾತೆದಾರರ ಫೋನಿಗೆ ಒಟಿಪಿ ಕಳಿಸಿದೆ ಅಂದಿತು. ಹೀಗೆ ಅನುಮಾನಪಡಬೇಕೆಂದು ಹೇಳಿ ಸೆಟ್ಟಿಂಗ್ ಮಾಡಿಸಿದ್ದವಳು ಮಗಳೇ.

ಯಾರ ನಂಬರೂ ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. ಪಕ್ಕದ ಮನೆಯವರದ್ದು, ಸ್ನೇಹಿತರದ್ದು, ಎಲ್ಲವೂ ಲಾಕರಿನ ಫೋನಿನೊಳಗಿತ್ತು. ಬಾಯಿಪಾಠವಿದ್ದದ್ದು ಅಪ್ಪನದ್ದೊಂದೇ. ಕೌಂಟರಿನ ಫೋನಿನಿಂದ ಒತ್ತಿದಳು.

7

ಮೇಷ್ಟ್ರ ಫೋನಿಗೆ ಮೊದಲು ಮೆಸೇಜ್ ಬಂತು, ಹಿಂದೆಯೇ ಕರೆ. (ಮೆಸೇಜಿನಲ್ಲಿ ಆಸ್ಪತ್ರೆಯ ಹೆಸರಿರಲಿಲ್ಲವೇ ಎಂದು ಕೇಳುತ್ತೀರಿ. ಏನೋ ಹೆಲ್ತ್ ಏನೋ ಪ್ರೈವೇಟ್ ಎಂದು ಅರ್ಧ ಕತ್ತರಿಸಿದ ಇಂಗ್ಲಿಷ್ ಅಕ್ಷರಗಳಿದ್ದವು. ಹೆಸರು ಏನು ಬೇಕಾದರೂ ಬರಬಹುದು ಅಂತ ಮಗಳು ಹೇಳಿಕೊಟ್ಟಿದ್ದಳು.)

"ಹಲೋ."

"ಅಪ್ಪಾ, ನಾನು ಪುಟ್ಟಿ. ಅಮ್ಮಂಗೆ ಏನೋ ಆಗಿದೆ ಅಪ್ಪಾ, ಆಸ್ಪತ್ರೇಲಿದೀವಿ, ನಿಂಗೆ ಒಟಿಪಿ ಬಂದಿರುತ್ತೆ, ಬೇಗ ಹೇಳು."

ಹೊಸ ನಂಬರ್. ಅಳು. ಆಸ್ಪತ್ರೆ. ಬೇಗ. ಮೇಷ್ಟ್ರ ನಾಲ್ಕು ಬೆರಳೂ ಮಡಚಿದವು.

"ಪದ ಹೇಳು."

"ಕೊಡೆ! ಕೊಡೆ ಅಪ್ಪಾ."

"ತಪ್ಪು."

"ಹೊಸದು ನಂಗೆ ಗೊತ್ತಿಲ್ಲ. ಅಮ್ಮ ಮನೇಲಿ ಹೇಳ್ತೀನಿ ಅಂದ್ಳು. ಈಗ ಅವ್ಳಿಗೆ ಮಾತೇ ಬರ್ತಿಲ್ಲ. ಅಪ್ಪಾ, ನಿಜವಾಗ್ಲೂ ನಾನೇ, ಇದು ಪ್ರಾಕ್ಟೀಸ್ ಅಲ್ಲ."

ಪ್ರಾಕ್ಟೀಸಿನಲ್ಲೂ ಅವಳು ಕೊನೆಗೆ ಹೀಗೇ ಅನ್ನುತ್ತಿದ್ದಳು.

ಇಲ್ಲಿಂದ ನನ್ನ ಹತ್ತಿರ ಎರಡು ಕರಡುಗಳಿವೆ. ಒಂದರಲ್ಲಿ ಮೇಷ್ಟ್ರು ನಿಜವಾಗಿಯೂ ಕಳ್ಳರು ಅಂದುಕೊಳ್ಳುತ್ತಾರೆ. "ನಾಚಿಕೆ ಆಗಲ್ವೇನ್ರೀ ನಿಮ್ಗೆ, ಮಕ್ಕಳ ದನಿ ಕದಿಯೋಕೆ?" ಎಂದು ರೇಗುತ್ತಾರೆ. ಇನ್ನೊಂದರಲ್ಲಿ ಮಗಳು ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡು ನಗುತ್ತಾರೆ. "ಅಳೋದು ಚೆನ್ನಾಗಿ ಕಲ್ತಿದೀಯ ಪುಟ್ಟಿ. ಈ ಸಲ ನಾನು ಸೋಲಲ್ಲ." ಯಾವುದು ನಿಜ ಎಂದು ಅವರನ್ನೇ ಕೇಳಿದೆ. ನಾಲ್ಕು ಬೆರಳನ್ನೂ ಒಂದೊಂದಾಗಿ ಮಡಚಿ ಬಿಚ್ಚಿದರು.

"ನನ್ನ ಮಗಳ ದನಿ ನಂಗೆ ಗೊತ್ತಾಗಲ್ವಾ?" ಅಂದರು ಆಮೇಲೆ. "ಗೊತ್ತಾಯ್ತು. ಹೋದ ಸಲಾನೂ ಗೊತ್ತಾಗಿತ್ತು. ಅದಕ್ಕೇ ಕೊಟ್ಟಿದ್ದೆ. ಅದಕ್ಕೇ ಈ ಸಲ ಕೊಡ್ಲಿಲ್ಲ."

ಎರಡು ಕರಡಿನಲ್ಲೂ ಮುಂದಿನದು ಒಂದೇ. ಮೇಷ್ಟ್ರು ಮೊಳೆಯಿಂದ ಸೀಟಿ ತೆಗೆದು, ಕೆನ್ನೆ ಉಬ್ಬಿಸಿ, ಫೋನಿಗೆ ಊದಿದರು.

8

ಮೇಷ್ಟ್ರು ಬೇಜವಾಬ್ದಾರಿಯವರಲ್ಲ. ಕಟ್ ಮಾಡಿದ ಮೇಲೆ ಮಗಳ ನಂಬರಿಗೆ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಅಂದರೆ ಫೋನು ಲಾಕರಿನಲ್ಲಿದೆ, ಅಂದರೆ ಅವಳು ಕುರ್ಚಿಯಲ್ಲಿದ್ದಾಳೆ, ಅಂದರೆ ಎಲ್ಲ ಸರಿಯಾಗಿದೆ. ಹೆಂಡತಿಯ ಫೋನು ಎದುರಿಗೇ ಚಾರ್ಜಿನಲ್ಲಿತ್ತು. 'ಇವಳೊಬ್ಬಳು' ಅಂದುಕೊಂಡರು.

ಅದೇ ನಂಬರಿನಿಂದ ಮತ್ತೆ ಕರೆ ಬಂತು. ಈ ಸಲ ಬೇರೆ ಹೆಂಗಸು. "ಸರ್, ನಾನು ಸಿಸ್ಟರ್ ಮಾತಾಡ್ತಿರೋದು. ನಿಮ್ಮ ಮಿಸೆಸ್ಸು ಸೀರಿಯಸ್ ಇದಾರೆ." ಇನ್ನೊಬ್ಬರ ಕೈಗೆ ಫೋನ್ ಕೊಡ್ತಾರೆ ಅಂದಿರಲಿಲ್ಲವೇ? ಮೇಷ್ಟ್ರಿಗೆ ಮಗಳ ಜಾಣತನ ನೆನೆದು ಎದೆಯುಬ್ಬಿತು. ಮಾತಾಡದೆ ಕಟ್ ಮಾಡಿ ಸಹಾಯವಾಣಿಗೆ ಫೋನ್ ಮಾಡಿದರು. (ಅವರಿಗೆ ಕೊಳಲು ಕೇಳಿಸಲೇ ಇಲ್ಲ. ಕಾರ್ಡ್ ಬ್ಲಾಕ್ ಮಾಡಿಸುವವರನ್ನು ಯಾರೂ ಕಾಯಿಸುವುದಿಲ್ಲ.)

ಎತ್ತಿದವಳು ಮಗಳ ಪಕ್ಕದ ಕುರ್ಚಿಯವಳು.

"ಕಾರ್ಡ್ ಬ್ಲಾಕ್ ಆಗಿದೆ ಸರ್. ನೀವು ತುಂಬಾ ಎಚ್ಚರಿಕೆಯಿಂದ ನಡ್ಕೊಂಡ್ರಿ. ಎಲ್ಲಾ ಗ್ರಾಹಕರೂ ನಿಮ್ಮ ಹಾಗಿದ್ರೆ ನಮಗೆ ಕೆಲಸಾನೇ ಇರಲ್ಲ."

"ನನ್ನ ಮಗಳೂ ನಿಮ್ಮಲ್ಲೇ ಇರೋದಮ್ಮ, ಅವಳೇ ಕಲಿಸಿದ್ದು." ಮಗಳು ಕೂರುವ ಸಾಲನ್ನೂ ಹೇಳಿದರು. "ಸಿಕ್ಕಿದ್ರೆ ಹೇಳಿ, ಅವಳಪ್ಪ ಪಾಸಾದ್ರು ಅಂತ."

ಪಕ್ಕದ ಕುರ್ಚಿಯವಳು ಖಾಲಿ ಕುರ್ಚಿಯ ಕಡೆ ನೋಡಿದಳು. ಹೆಡ್‌ಸೆಟ್ಟು ಕುರ್ಚಿಯ ಕೈಗೆ ನೇತಾಡುತ್ತಿತ್ತು. ಊಟದ ಬಿಡುವು ಮುಗಿದಿತ್ತು. "ಖಂಡಿತ ಹೇಳ್ತೀನಿ ಅಂಕಲ್," ಅಂದಳು.

ಮೇಷ್ಟ್ರು ಫೋನ್ ಸ್ವಿಚ್ ಆಫ್ ಮಾಡಿ ಮೇಜಿನ ಮೇಲಿಟ್ಟರು. ಸೋತ ಕಳ್ಳರು ಸಿಟ್ಟಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಾರಂತೆ.

9

ಈಗ ಮೇಷ್ಟ್ರನ್ನು ಸ್ವಲ್ಪ ಹೊತ್ತು ಮನೆಯಲ್ಲೇ ಬಿಟ್ಟು ಬರಬೇಕು. ಅವರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರಲಿ.

ಕೌಂಟರಿನಲ್ಲಿ ಕಾರ್ಡನ್ನು ಮತ್ತೆ ಹಾಕಿ ನೋಡಿದರೆ ಬ್ಲಾಕ್ ಆಗಿದೆ ಎಂದು ಬಂತು. ಮಗಳು ಆಸ್ಪತ್ರೆಯ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿದಳು. ನಂಬರು ಬಾಯಿಗೆ ಬರುವುದು ಸಹಜ, ದಿನಕ್ಕೆ ಎಷ್ಟೋ ಸಲ ತಾನೇ ಹೇಳುವ ನಂಬರು. ಅವಳಿಗೆ ಕೊಳಲು ಕೇಳಿಸಿತು. ಕೊನೆಗೆ ಎತ್ತಿದವಳು ಅದೇ ಪಕ್ಕದ ಕುರ್ಚಿಯವಳು. (ಕಾಕತಾಳೀಯ ಅನ್ನಿಸಿದರೆ ಅನ್ನಿಸಲಿ. ಬೇರೆಯವರಿಗೆ ಈ ಕರೆ ಕೊಟ್ಟು ನೋಡಿದೆ. ಅವರು ಬ್ಯಾಂಕು ಬರೆದುಕೊಟ್ಟದ್ದನ್ನು ಓದಿ ಫೋನಿಟ್ಟರು.)

"ನಮಸ್ಕಾರ. ನಿಮ್ಮ ಸುರಕ್ಷತೆ ನಮಗೆ..."

"ನಾನು ಕಣೇ. ಅಮ್ಮ ಸಾಯ್ತಿದಾಳೆ. ಅಪ್ಪನ ಕಾರ್ಡ್ ಬ್ಲಾಕ್ ತೆಗಿ."

"ನಾನೇ ಬ್ಲಾಕ್ ಮಾಡ್ದೆ," ಅಂದಳು ಪಕ್ಕದ ಕುರ್ಚಿಯವಳು. "ಈಗ ತಾನೇ. ಅಂಕಲ್ ಫೋನ್ ಮಾಡಿದ್ರು."

"ತೆಗಿ."

"ಖಾತೆದಾರರೇ ಹೇಳ್ಬೇಕು. ಅದೂ ಬ್ರಾಂಚಿಗೆ ಹೋಗಿ. ನಿಂಗೇ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ಇದೇ ಮಾತನ್ನು ಇದೇ ಮೆತ್ತನೆಯ ದನಿಯಲ್ಲಿ ಎಷ್ಟು ಜನರಿಗೆ ಹೇಳಿದ್ದಳೋ. ಕರೆ ರೆಕಾರ್ಡ್ ಆಗುತ್ತಿತ್ತು.

ಪಕ್ಕದ ಕುರ್ಚಿಯವಳು ಹೆಡ್‌ಸೆಟ್ಟು ಕಿತ್ತು ಎದ್ದು ನಿಂತಳು. ಬಿಡುವಿಲ್ಲದೆ ಏಳುವಂತಿಲ್ಲ ಎಂದು ಸೂಪರ್‌ವೈಸರ್ ಬಂದರು, ವಿಷಯ ಕೇಳಿ ಅವರೇ ಮೊದಲು ಪರ್ಸ್ ತೆಗೆದರು. ಆ ಸಾಲಿನವರೆಲ್ಲ ಲಾಕರಿನ ಹತ್ತಿರ ಕ್ಯೂ ನಿಂತು, ಫೋನ್ ತೆಗೆಸಿಕೊಂಡು, ತಮ್ಮ ತಮ್ಮ ಒಟಿಪಿ ಒತ್ತಿ ಇದ್ದಷ್ಟನ್ನು ಪಕ್ಕದ ಕುರ್ಚಿಯವಳ ಖಾತೆಗೆ ಹಾಕಿದರು. ದುಡ್ಡು ಸೇರಿತು. ಅವಳು ತನ್ನ ಕಾರ್ಡ್ ಹಿಡಿದು ಆಸ್ಪತ್ರೆಗೆ ಓಡಿದಳು. ರಸೀದಿ ಬಂತು, ಸ್ಟ್ರೆಚರ್ ಒಳಗೆ ಹೋಯಿತು.

ಹೊರಗೆ ಬಂದ ಡಾಕ್ಟರು ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚದೆಯೇ ತಲೆಯಾಡಿಸಿದರು. ಮುಂಚೆಯೇ ಒಳಗೆ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದರಾ ಎಂದು ಮಗಳು ಕೇಳಿದಳು. ಅದನ್ನೆಲ್ಲ ಹೇಳೋಕಾಗಲ್ಲಮ್ಮ ಅಂದರು. ನನಗೂ ಹೇಳಲಾಗುವುದಿಲ್ಲ. ಗೊತ್ತಿಲ್ಲದ್ದಕ್ಕಲ್ಲ, ಯಾವ ಉತ್ತರ ಕೊಟ್ಟರೂ ಅದನ್ನು ಹೊತ್ತುಕೊಂಡು ಅವಳು ಮನೆಗೆ ಹೋಗಬೇಕು.

10, 10, 10

ಬೇರೆ ಕೊನೆಗಳನ್ನು ಬರೆದು ನೋಡಲಿಲ್ಲ ಅಂದುಕೊಳ್ಳಬೇಡಿ.

ಮೊದಲನೆಯದರಲ್ಲಿ ಅಮ್ಮ ಸ್ಟ್ರೆಚರಿನ ಮೇಲೆ ಕಣ್ಣು ಬಿಟ್ಟು ಮಗಳ ಕಿವಿಯಲ್ಲಿ ಹೊಸ ಪದ ಉಸುರುತ್ತಾರೆ. ಮಗಳು ಫೋನಿನಲ್ಲಿ ಅದನ್ನು ಕೂಗುತ್ತಾಳೆ, ಮೇಷ್ಟ್ರ ಕೈಯಿಂದ ಸೀಟಿ ಬೀಳುತ್ತದೆ. ಬರೆಯುವಾಗ ನನಗೇ ಕಣ್ಣು ತುಂಬಿತು. ಆದರೆ ಅವರಿಗೆ ಮಾತು ಬರುತ್ತಿರಲಿಲ್ಲ. ಬಂದಿದ್ದರೂ ಸುತ್ತ ಜನರಿದ್ದರು. ಅವರು ನಿಯಮ ಮುರಿಯುವವರಲ್ಲ.

ಎರಡನೆಯದರಲ್ಲಿ ಮೇಷ್ಟ್ರು ಒಟಿಪಿ ಕೊಡುತ್ತಾರೆ. "ಅದೇ ಬರಿ," ಅಂದೆ ನನಗೆ ನಾನೇ. ಮೇಷ್ಟ್ರು ಬಿಡಲಿಲ್ಲ. "ಕೊಟ್ಟೆ ಅಂತಿಟ್ಕೊಳ್ಳಿ. ಅದು ನಿಜವಾದ ಕಳ್ಳ ಆಗಿದ್ರೆ? ಖಾತೆ ಖಾಲಿ ಆಗಿ, ಆಮೇಲೆ ಇನ್ನೊಂದು ದಿನ ಇವಳು ಬಿದ್ದಿದ್ರೆ? ಆಗ ನೀವು ನನ್ನನ್ನ ಏನಂತ ಬರೀತಿದ್ರಿ? ಪೆದ್ದ ಅಂತ." ಆ ಕರಡನ್ನೂ ಬರೆದೆ. ಅದರಲ್ಲೂ ಅದೇ ಕೌಂಟರು, ಅದೇ ರಸೀದಿ, ಅದೇ ಸ್ಟ್ರೆಚರು. ಮೇಷ್ಟ್ರ ತಲೆ ತಗ್ಗಿದ್ದಷ್ಟೇ ವ್ಯತ್ಯಾಸ.

ಮೂರನೆಯದರಲ್ಲಿ ಪಕ್ಕದ ಕುರ್ಚಿಯವಳು ಖಾಲಿ ಕುರ್ಚಿ ನೋಡಿದಾಗಲೇ ಏನೋ ಹೊಳೆದು, ಬ್ಲಾಕ್ ಮಾಡದೆ ತಡೆಯುತ್ತಾಳೆ. "ಹೊಳೆಯೋಕೆ ನನ್ನನ್ನೇನು ದೇವ್ರು ಅಂದ್ಕೊಂಡ್ರಾ?" ಅಂದಳು. "ಒಬ್ಬ ಗ್ರಾಹಕರು ಕಾರ್ಡ್ ಬ್ಲಾಕ್ ಮಾಡಿ ಅಂದಾಗ ನಾನು ಯೋಚ್ನೆ ಮಾಡ್ತಾ ಕೂತು, ದುಡ್ಡು ಹೋಗಿದ್ರೆ?" ಇವಳ ಹತ್ತಿರವೂ ಉತ್ತರವಿತ್ತು. ಎಲ್ಲರ ಹತ್ತಿರವೂ ಇದೆ. ಎಲ್ಲರೂ ಸರಿಯಾಗಿಯೇ ನಡೆದುಕೊಂಡಿದ್ದಾರೆ.

11

ಸಂಜೆಯಾಯಿತು. ಮೆಟ್ಟಿಲಿನ ದೀಪ ಹತ್ತಿತು.

ಮೇಷ್ಟ್ರು ಟೀ ಮಾಡಿ ಮೂರು ಲೋಟ ತೊಳೆದಿಟ್ಟರು. ಸೀಟಿ ಇನ್ನೂ ಕೊರಳಲ್ಲೇ ಇತ್ತು. ಮೊದಲು ಹೆಂಡತಿಗೆ ಹೇಳುವುದೋ ಮಗಳಿಗೆ ಹೇಳುವುದೋ ಎಂದು ಮಧ್ಯಾಹ್ನದಿಂದ ಯೋಚಿಸಿ, ಇಬ್ಬರನ್ನೂ ಕೂರಿಸಿ ಒಟ್ಟಿಗೆ ಹೇಳುವುದೆಂದು ತೀರ್ಮಾನಿಸಿದ್ದರು. ನಾಲ್ಕು ಬೆರಳು ಹೇಗೆ ಒಂದೊಂದಾಗಿ ಮಡಚಿದವು ಎನ್ನುವುದನ್ನು ನಟಿಸಿ ತೋರಿಸಬೇಕು. 'ಕೊಡೆ' ಎಂದಾಗ 'ತಪ್ಪು' ಎಂದದ್ದನ್ನು ಎರಡು ಸಲ ಹೇಳಬೇಕು. ಹೆಂಡತಿ ಮೊದಲು, "ಹೌದೇನ್ರೀ?" ಅನ್ನುತ್ತಾಳೆ. ಆಮೇಲೆ ಸೆಲ್ಯೂಟ್ ಹೊಡೆಯುತ್ತಾಳೆ. ಚಪ್ಪಲಿ ತಂದಿದ್ದರೆ ಅದನ್ನೂ ನೋಡಿ ಚೆನ್ನಾಗಿದೆ ಅನ್ನಬೇಕು, ಮರೆಯಬಾರದು.

ಇಷ್ಟು ತಡ ಯಾಕೆ? ಮಗಳ ಶಿಫ್ಟ್ ಮುಗಿಯುವ ತನಕ ಕಾದು ಅವಳ ಜೊತೆಗೇ ಬರುತ್ತಿರಬೇಕು, ಇಬ್ಬರೂ ಎಲ್ಲೋ ತಿಂಡಿ ತಿನ್ನಲು ಕೂತಿರಬೇಕು. ಟೀ ಆರಿತು. ಮತ್ತೆ ಬಿಸಿ ಮಾಡಿದರು.

(ಓಡಿಹೋಗಿ ಅವರಿಗೆ ಹೇಳಿಬಿಡಬೇಕು ಅನ್ನಿಸುತ್ತಿದೆ. ಆದರೆ ನನಗೆ ಪದ ಗೊತ್ತಿಲ್ಲದವನ ಹಾಗೆ ನಡೆದುಕೊಳ್ಳುವುದು ಬಿಟ್ಟು ಬೇರೆ ದಾರಿಯಿಲ್ಲ. ನಾನು ಹೇಳಿದರೆ ಅವರು ನಂಬುವುದಿಲ್ಲ, ನನ್ನ ನಂಬರೂ ಅವರಿಗೆ ಹೊಸದೇ.)

ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿಸಿತು. ಎರಡು ಜೊತೆ ಕಾಲು. ಒಂದು ಮಗಳದ್ದು, ಅದು ಅವರಿಗೆ ಗೊತ್ತು. ಇನ್ನೊಂದು ನಿಧಾನವಾಗಿತ್ತು, ಹೊಸ ಚಪ್ಪಲಿ ಹಾಕಿಕೊಂಡವರು ನಡೆಯುವ ಹಾಗೆ. ಅದು ಪಕ್ಕದ ಕುರ್ಚಿಯವಳದ್ದು. ಒಂದು ಕೈಯಲ್ಲಿ ಅಂಗಡಿಯವನು ಆಸ್ಪತ್ರೆಗೇ ತಂದುಕೊಟ್ಟ ಚಪ್ಪಲಿಯ ಡಬ್ಬ ಹಿಡಿದು, ಇನ್ನೊಂದರಲ್ಲಿ ಮಗಳನ್ನು ಹಿಡಿದು ಮೇಲೆ ಹತ್ತಿಸುತ್ತಿದ್ದಳು. (ಕೇಳಿದ್ದಿರಲ್ಲ ಅಮ್ಮಾ, ಕೊಂಡಿರಿ. ಕಂದು ಬಣ್ಣದ್ದೇ.)

ಮೇಷ್ಟ್ರು ಬಾಗಿಲ ಹಿಂದೆ ಬಂದು ನಿಂತರು. ಬಾಗಿಲು ತಟ್ಟಿದ ಸದ್ದಾಯಿತು. ಅವರಿಗೆ ನಗು ತಡೆಯಲಾಗಲಿಲ್ಲ. ಇವತ್ತು ಒಂದು ಸಲ ತಮಾಷೆ ಮಾಡುವ ಹಕ್ಕು ಅವರಿಗಿತ್ತು.

"ಯಾರು?"

"ನಾನು ಅಪ್ಪಾ."

"ಪದ?"

ಆಚೆಯಿಂದ ಏನೂ ಬರಲಿಲ್ಲ.

ನನ್ನ ಕಿವಿಯಲ್ಲಿ ಕೊಳಲು ನಿಂತು ಯಾರೋ, "ಹೇಳಿ, ನಿಮಗೆ ಏನು ಸಹಾಯ ಮಾಡಲಿ," ಅನ್ನುತ್ತಿದ್ದಾರೆ. ಏನು ಕೇಳಬೇಕೋ ತಿಳಿಯದೆ ಫೋನ್ ಇಟ್ಟೆ. ಈ ಬಾಗಿಲನ್ನು ನಾನು ತೆರೆಯುವುದಿಲ್ಲ. ಚಿಲಕದ ಆ ಕಡೆ ಮಗಳಿದ್ದಾಳೆ, ಈ ಕಡೆ ಗೆದ್ದ ಮನುಷ್ಯನಿದ್ದಾನೆ. ನೀವು ಹೇಳಿದರೂ, ಕಥೆ ಅರ್ಧಕ್ಕೇ ನಿಂತಿತು ಎಂದು ಬೈದರೂ ತೆರೆಯುವುದಿಲ್ಲ. ಆದರೆ ಬಾಗಿಲಿನ ಈಚೆಯಿಂದ ಬರುವ ಮಾತನ್ನು ತಡೆಯಲು ನನ್ನಿಂದ ಆಗಲಿಲ್ಲ.

"ನಿಂಗೆ ಗೊತ್ತಿಲ್ಲ ಅಲ್ವಾ?" ಅಂದರು ಮೇಷ್ಟ್ರು, ನಗು ಅದುಮಿಕೊಂಡು. "ಪಕ್ಕದಲ್ಲೇ ಇದಾಳಲ್ಲ ನಿಮ್ಮಮ್ಮ, ಅವಳನ್ನ ಕೇಳು. ಅವಳಿಗೆ ಗೊತ್ತು."